ಬರಿಗೈ ಮೇಜು

ಆ ಶೆಡ್ಡಿನಲ್ಲಿ ಹನ್ನೆರಡು ಮೇಜುಗಳಿದ್ದವು ಎಂದು ಎಣಿಸಲು ಬಲ್ಲವರು ಹೇಳುತ್ತಾರೆ. ಮಿಂಚು ಒಪ್ಪುತ್ತಿರಲಿಲ್ಲ. ಅವಳ ಪ್ರಕಾರ ಇದ್ದದ್ದು ಒಂದೇ ಮೇಜು, ಬಾಗಿಲ ಪಕ್ಕದ್ದು, ತಾನು ನಿಲ್ಲುವಂಥದ್ದು. ಉಳಿದ ಹನ್ನೊಂದು ಬರೀ ಹಲಗೆ, ಅವುಗಳ ಹಿಂದೆ ನಿಂತವರು ಹಲಗೆ ಬೀಳದಿರಲೆಂದು ಕೊಟ್ಟ ಊರುಗೋಲು. ಈ ಮಾತನ್ನು ಅಲ್ಲಗಳೆಯುವ ಗಂಡಸು ಆ ಬಂದರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಹೆಂಗಸೊಬ್ಬಳು ಹುಟ್ಟಿದ್ದಳು, ಅದೂ ಮಿಂಚಿನ ಗಂಡ ಹುಟ್ಟಿದ ಹೊಟ್ಟೆಯಲ್ಲೇ.

ಕೆಲಸ ಹೀಗೆ. ಬೆಳಗಾಗುತ್ತಲೇ ಬೋಟುಗಳು ಸಿಗಡಿ ತಂದು ಸುರಿಯುತ್ತವೆ. ಮೇಜಿನ ಮೇಲೆ ಐಸು, ಐಸಿನ ಮೇಲೆ ಸಿಗಡಿಯ ಗುಡ್ಡ, ಗುಡ್ಡದ ಸುತ್ತ ನಾಲ್ಕು ಬುಟ್ಟಿ: ದೊಡ್ಡದಕ್ಕೊಂದು, ನಡುವಿನದಕ್ಕೊಂದು, ಸಣ್ಣದಕ್ಕೊಂದು, ಪುಡಿಗೊಂದು. ಉಳಿದ ಮೇಜಿನವರು ರಬ್ಬರ್ ಕೈಗವಸು ತೊಟ್ಟು, ಮುಖ ಬಗ್ಗಿಸಿ, ಒಂದೊಂದನ್ನೂ ಹೆಣ್ಣು ನೋಡಲು ಬಂದ ಬೀಗರಂತೆ ತಿರುಗಿಸಿ ತಿರುಗಿಸಿ ನೋಡಿ ಆರಿಸುತ್ತಾರೆ. ಮೊದಲ ಮೇಜಿನವಳು ಮಾತ್ರ ಬರಿಗೈಯಲ್ಲಿ, ನೋಡದೆ, ಬೆರಳಿನಲ್ಲೇ ಅಳೆದು ಎಸೆಯಬೇಕು. ಅದು ಆ ಶೆಡ್ಡಿನ ಕ್ರಮ. ಮಿಂಚು ಬಾಗಿಲ ಕಡೆ ಮುಖ ಮಾಡಿ, ಹೋಗಿಬರುವವರ ಜಾತಕ ಜಾಲಾಡುತ್ತ, ಎರಡು ಕೈಯಿಂದ ನಾಲ್ಕು ಬುಟ್ಟಿ ತುಂಬಿಸುತ್ತಿದ್ದಳು. ಅವಳ ಕೈ ಓಡುವ ಗಾಳಿಗೆ ಎದುರು ಮೇಜಿನವಳಿಗೆ ನೆಗಡಿಯಾಗುತ್ತಿತ್ತು. ಒಮ್ಮೆ ರಾಶಿಯ ಪಕ್ಕ ತೂಕಡಿಸುತ್ತಿದ್ದ ಬೆಕ್ಕೊಂದು ಎಚ್ಚರಾಗುವ ಹೊತ್ತಿಗೆ ನಡುವಿನ ಬುಟ್ಟಿಯಲ್ಲಿತ್ತು. ಬೆಕ್ಕುಗಳ ಪೈಕಿ ಅದು ನಡುವಿನ ಅಳತೆಯದೇ ಎಂದು ಮಿಂಚು ಕೊನೆಯವರೆಗೂ ವಾದಿಸಿದಳು, ಬೆಕ್ಕೂ ತಕರಾರು ಮಾಡಲಿಲ್ಲ.

ಅವಳು ತುಂಬಿಸಿದ ಪೆಟ್ಟಿಗೆಯನ್ನು ಖರೀದಿದಾರರು ಬಿಚ್ಚಿ ನೋಡುತ್ತಿರಲಿಲ್ಲ. ಯಾವತ್ತಾದರೂ ಒಂದೇ ಪೆಟ್ಟಿಗೆಯಲ್ಲಿ ಮೂರು ಸಿಗಡಿ ತಪ್ಪು ಅಳತೆಯದು ಸಿಕ್ಕಿದರೆ ಮಾತ್ರ ಆ ಮೇಜು ಹೋಯಿತು. ಹೋದವಳಿಗೆ ಬೇರೆ ಮೇಜಿಲ್ಲ, ನೇರ ಮನೆ.

ಮನೆಯೆಂದರೆ ಏನೆಂದು ಮಿಂಚಿಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಅದನ್ನು ಹಾಗೆ ಮಾಡಿದವಳೇ ಅವಳು. ಅವಳಿಗಿಂತ ಮುಂಚೆ ಆ ಮೇಜು ಅತ್ತೆಯದಾಗಿತ್ತು. ಒಂಬತ್ತು ವರ್ಷದ ಹಿಂದೆ ಸೊಂಟ ಹಿಡಿದು ಮೇಜು ಬಿಡಬೇಕಾಗಿ ಬಂದಾಗ ಅತ್ತೆ ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು ಬಿಟ್ಟು ಸೊಸೆಯ ಕೈ ತೋರಿಸಿದಳು. ಪ್ರೀತಿಯಿಂದಲ್ಲ. ಮಗಳ ಕೈಯನ್ನು ಅವಳು ಹಿಟ್ಟಿನ ಚೀಲ ಎಂದು ಕರೆಯುತ್ತಿದ್ದಳು. ಮೇಜು ಸಿಕ್ಕ ದಿನ ಸಂಜೆಯೇ ಮಿಂಚು ಅತ್ತೆಯ ಮಂಚವನ್ನು ಕಿಟಕಿಯ ಬದಿಯಿಂದ ಎತ್ತಿಸಿ ಹಿತ್ತಲ ಕೋಣೆಗೆ, ಹರಿದ ಬಲೆಗಳ ರಾಶಿಯ ಪಕ್ಕ, ಹಾಕಿಸಿದಳು. ಕಿಟಕಿಯ ಜಾಗ ದುಡಿಯುವವರಿಗೆ ಎಂದಳು. ಆ ಕೋಣೆಯ ನಾತ ಎಂಥದ್ದೆಂದರೆ, ಒಳಗೆ ಹೋದ ನೊಣ ಮೂಗು ಮುಚ್ಚಿಕೊಂಡು ಹೊರಗೆ ಬರುತ್ತಿತ್ತು. ಅತ್ತೆ ಒಂಬತ್ತು ವರ್ಷ ಅಲ್ಲಿ ಕೂತು ಬಾಗಿಲನ್ನು ನೋಡುತ್ತಿದ್ದಳು, ಯಾರನ್ನೋ ಕಾಯುವವಳ ಹಾಗೆ.

ತನ್ನ ಗಂಡ ಸತ್ತ ಮೇಲೆ ನಾದಿನಿಯೂ ಆ ಮನೆಗೇ ಬಂದು ಸೇರಿಕೊಂಡಿದ್ದಳು. ಏಳನೇ ಮೇಜಿನಲ್ಲಿ ಕೈಗವಸು ತೊಟ್ಟು ನಿಲ್ಲುತ್ತಿದ್ದಳು. ಅತ್ತಿಗೆಯ ಪೆಟ್ಟಿಗೆಗಳು ಲಾರಿಗೆ ಹೋಗುವಾಗ ಹೇಗಾದರೂ ಹತ್ತಿರ ಸುಳಿದು ಮೇಲಿನ ಪದರ ಕೆದಕುತ್ತಿದ್ದಳು. ಒಂಬತ್ತು ವರ್ಷದಲ್ಲಿ ಅವಳಿಗೆ ಸಿಕ್ಕ ತಪ್ಪು ಸಿಗಡಿ ಒಂದು. ಅದನ್ನೂ ಅವಳೇ ಹಾಕಿದ್ದಳು ಎಂದು ಮಿಂಚು ಇಡೀ ಬಂದರಿಗೆ ಕೇಳುವ ಹಾಗೆ ಹೇಳಿದ್ದಳು.

ಇಷ್ಟೆಲ್ಲ ಮೆರೆದ ಆ ಬೆರಳುಗಳು ಸತ್ತುಹೋಗಿದ್ದವು.

ಮೊದಲು ಎಡಗೈಯ ಕಿರುಬೆರಳು ಹೋಯಿತು, ಎರಡು ವರ್ಷದ ಹಿಂದೆ. ವರ್ಷಗಟ್ಟಲೆ ಬರಿಗೈಯಲ್ಲಿ ಐಸು ಕಲಸಿದರೆ ಕಲ್ಲಿಗೂ ಜೋಮು ಹಿಡಿಯುತ್ತದೆ. ಮಿಂಚು ಕೊಡವಿದಳು, ಉಜ್ಜಿದಳು, ಬಿಸಿನೀರಿನಲ್ಲಿ ಅದ್ದಿದಳು. ಬೆರಳು ಕೆಂಪಾಯಿತೇ ಹೊರತು ಮಾತಾಡಲಿಲ್ಲ. ಈ ವರ್ಷದ ಹೊತ್ತಿಗೆ ಹತ್ತೂ ಬೆರಳು ಮುಗಿದು, ಜೋಮು ಮಣಿಕಟ್ಟಿಗೆ ಬಂದು ನಿಂತಿತ್ತು. ಅಲ್ಲಿಂದ ಮೇಲೆ ತೋಳು ಸರಿಯಾಗಿಯೇ ಇತ್ತು, ಸೊಳ್ಳೆ ಕೂತರೂ ತಿಳಿಯುತ್ತಿತ್ತು.

ಹೇಗೆ ಮುಚ್ಚಿಟ್ಟಳು ಎಂದರೆ, ಅದೊಂದು ದೊಡ್ಡ ವಿದ್ಯೆ. ತಲೆಗೆ ಕಟ್ಟಿದ ಬಟ್ಟೆಯನ್ನು ಹುಬ್ಬಿನವರೆಗೆ ಇಳಿಸಿ, ಬಾಗಿಲಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದಳು. ಬಟ್ಟೆಯ ಅಡಿಯಿಂದ ಓರೆಗಣ್ಣಲ್ಲಿ ರಾಶಿ ನೋಡುತ್ತಿದ್ದಳು. ಅನುಮಾನ ಬಂದ ಸಿಗಡಿಯನ್ನು, ಮೂಗು ಕೆರೆದುಕೊಳ್ಳುವ ನೆಪದಲ್ಲಿ, ತುಟಿಗೆ ಮುಟ್ಟಿಸಿ ಅಳೆಯುತ್ತಿದ್ದಳು. ದಿನಕ್ಕೆ ಮುನ್ನೂರು ಸಲ ಮೂಗು ಕೆರೆಯುವ ಹೆಂಗಸನ್ನು ಬೇರೆ ಕಡೆಯಾಗಿದ್ದರೆ ಆಸ್ಪತ್ರೆಗೆ ಕಳಿಸುತ್ತಿದ್ದರು, ಶೆಡ್ಡಿನಲ್ಲಿ ಅದನ್ನೂ ಅವಳ ಗತ್ತು ಎಂದುಕೊಂಡರು. ನಿಧಾನಕ್ಕೆ ಮಣಿಕಟ್ಟಿನ ಎಳೆತದಿಂದಲೇ ತೂಕ ತಿಳಿಯುವುದನ್ನೂ ಕಲಿತುಬಿಟ್ಟಳು. ನಿಜ ಹೇಳಬೇಕೆಂದರೆ, ಬೆರಳಿದ್ದಾಗಿನದಕ್ಕಿಂತ ಬೆರಳು ಸತ್ತ ಮೇಲಿನದೇ ದೊಡ್ಡ ಪ್ರತಾಪ. ಆದರೆ ಯಾರ ಹತ್ತಿರ ಕೊಚ್ಚಿಕೊಳ್ಳುವುದು? ಬಡಾಯಿ ಕೊಚ್ಚಲಾಗದ ಸಂಕಟವೇ ಅವಳಿಗೆ ಜೋಮಿಗಿಂತ ಹೆಚ್ಚಾಗಿತ್ತು.

ಗುಟ್ಟು ಬಯಲಾದದ್ದು ಮನೆಯಲ್ಲಿ. ಮಧ್ಯಾಹ್ನ ಅತ್ತಿಗೆ ನಾದಿನಿ ಇಬ್ಬರೂ ಜಗಲಿಯಲ್ಲಿ ಕೂತು ಬಲೆಯ ಹರುಕು ಹೆಣೆಯುತ್ತಿದ್ದರು. ಮಿಂಚು ತನ್ನ ಗಂಡನ ಬೋಟಿನ ಕತೆ ಹೇಳುತ್ತಿದ್ದಳು. ಗಂಡ ಎಂಜಿನ್ ನೋಡಿಕೊಳ್ಳುವವನು, ಹತ್ತು ದಿನ ಸಮುದ್ರದಲ್ಲಿ, ಎರಡು ದಿನ ಮನೆಯಲ್ಲಿ. ಬಲೆಗೆ ಬಿದ್ದ ಮೀನು ಎಷ್ಟು ದೊಡ್ಡದೆಂದರೆ, ಅದನ್ನು ಎಳೆಯಲು ಹೋಗಿ ಬೋಟೇ ಹಿಂದಕ್ಕೆ ನಡೆದು ಎರಡು ದಿನ ಮುಂಚೆ ಬಂದರಿಗೆ ಬಂತು ಎನ್ನುವಲ್ಲಿಗೆ ಕತೆ ಮುಟ್ಟಿತ್ತು. ಅಷ್ಟರಲ್ಲಿ ಬಲೆ ಹೆಣೆಯುವ ಸೂಜಿ ಅವಳ ಬೆರಳಿನಿಂದ ಜಾರಿ ಮಡಿಲಿಗೆ ಬಿತ್ತು. ಅವಳಿಗೆ ಗೊತ್ತಾಗಲಿಲ್ಲ. ಕೈ ಮಾತ್ರ ಹೆಣೆಯುತ್ತಲೇ ಇತ್ತು. ಗಾಳಿಯಲ್ಲಿ ಒಂದು ಗಂಟು ಹಾಕಿ ಬಿಗಿದಳು, ಎರಡನೆಯದನ್ನೂ ಹಾಕಿದಳು.

ನಾದಿನಿ ಸೂಜಿ ಎತ್ತಿ, ಅತ್ತಿಗೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನಡುವೆ ಇಟ್ಟು, ಮತ್ತೆ ಮಡಚಿದಳು. ಮಗುವಿಗೆ ಬಳಪ ಹಿಡಿಸುವ ಹಾಗೆ.

"ಬಿದ್ದಿತ್ತು ಅತ್ತಿಗೆ," ಎಂದಳು. "ಕತೆ ಹೇಳಿ, ಆಮೇಲೇನಾಯ್ತು ಬೋಟು?"

ಕತೆಯ ಬೋಟು ಅಲ್ಲೇ ಮುಳುಗಿತು. ಮೂರು ದಿನ ಮಿಂಚು ಬಾಯಿ ಬಿಡಲಿಲ್ಲ. ಬಂದರಿನಲ್ಲಿ ಕಾಗೆಗಳು ಕೂಡ ಏನೋ ಆಗಿದೆಯೆಂದು ಕತ್ತು ಓರೆಮಾಡಿ ನೋಡಿದವು. ನಾದಿನಿಯೋ ಬೆಲ್ಲವಾಗಿಬಿಟ್ಟಳು. ಅತ್ತಿಗೆಯ ಬಟ್ಟೆ ತಾನೇ ಒಗೆದಳು, ಅತ್ತಿಗೆಗೆ ಮೊದಲು ಬಡಿಸಿದಳು. ನಾಲ್ಕನೇ ದಿನ ತಡೆಯಲಾರದೆ ಮಿಂಚು ಬಾವಿಕಟ್ಟೆಯ ಬಳಿ ಅವಳ ಸೆರಗು ಹಿಡಿದಳು. ಯಾರ ಎದುರೂ ಬಗ್ಗದವಳು ಅವತ್ತು ಬಗ್ಗಿದಳು. ಹೇಳಬೇಡವೆಂದಳು, ಇನ್ನೆರಡು ವರ್ಷ ಕೊಡು, ಆಮೇಲೆ ನಾನೇ ನಿನ್ನ ಕೈ ತೋರಿಸುತ್ತೇನೆಂದಳು.

"ನಾನ್ಯಾಕೆ ಹೇಳ್ಲಿ ಅತ್ತಿಗೆ?" ನಾದಿನಿ ಕೊಡ ಸೊಂಟಕ್ಕೇರಿಸಿದಳು. "ಒಂಬತ್ತು ವರ್ಷ ಹೇಳಿ ಹೇಳಿ ಸಾಕಾಗಿದೆ. ಯಾರು ನಂಬಿದ್ರು? ಈ ಸಲ ನಿಮ್ಮ ಕೈನೇ ಹೇಳ್ಲಿ."

ಮಿಂಚಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಒಳ್ಳೆಯದೆಂದು ತಿಳಿದು ಅವಳು ಅವತ್ತು ಚೆನ್ನಾಗಿ ನಿದ್ದೆ ಮಾಡಿದಳು.

ಎರಡು ದಿನ ಕಳೆದು, ದೊಡ್ಡ ಬೋಟು ಬಂದ ಬೆಳಗ್ಗೆ, ಸಿಗಡಿ ಆಳೆತ್ತರಕ್ಕೆ ಬಿದ್ದಿತ್ತು. ನಾದಿನಿ ತನ್ನ ಏಳನೇ ಮೇಜಿನಿಂದಲೇ, ಎಲ್ಲರಿಗೂ ಕೇಳುವಂತೆ, ಆದರೆ ಬಹಳ ಮೆತ್ತಗೆ, ಜನ ಏನೇನೋ ಮಾತಾಡಿಕೊಳ್ಳುತ್ತಾರೆ ಅತ್ತಿಗೆ ಎಂದಳು. ಮಿಂಚಕ್ಕ ಈಗ ಬಟ್ಟೆ ಅಡಿಯಿಂದ ಇಣುಕಿ ನೋಡ್ತಾಳಂತೆ, ನಮ್ಮ ಹಾಗೇ ಆಗಿದ್ದಾಳಂತೆ, ನನಗಂತೂ ಕೇಳಿ ಹೊಟ್ಟೆ ಉರೀತು, ನೀವೇ ಒಂದು ಸಲ ತೋರಿಸಿಬಿಡಿ.

ಇದು ಬಲೆಯೆಂದು ಯಾವ ಪೆದ್ದು ಮೀನಿಗೂ ಗೊತ್ತಾಗುತ್ತಿತ್ತು. ಆದರೆ ಬರಿಗೈ ಮೇಜಿನವರಿಗೆ ಒಂದು ಕೆಟ್ಟ ಚಾಳಿ: ನೀನು ನೋಡಿ ಆರಿಸುತ್ತೀಯ ಎಂದರೆ, ಕಳ್ಳಿ ಎಂದದ್ದಕ್ಕಿಂತ ಹೆಚ್ಚು ಉರಿಯುತ್ತದೆ. ಮಿಂಚು ತಲೆಯ ಬಟ್ಟೆಯನ್ನು ಕಿತ್ತು ಹೆಗಲಿಗೆ ಎಸೆದಳು. ಬಾಗಿಲ ಕಡೆ ತಿರುಗಿ, ಗದ್ದ ಮೇಲೆತ್ತಿ, ಎರಡೂ ಕೈ ಐಸಿನೊಳಗೆ ಇಳಿಸಿದಳು.

ಇನ್ನು ಆ ದಿನ ಅವಳು ಮಾಡಿದ ಕೆಲಸವನ್ನು ಹೇಳದೆ ಮುಂದೆ ಹೋದರೆ ಅನ್ಯಾಯ. ಬೆರಳಿಲ್ಲ, ಕಣ್ಣಿಲ್ಲ, ಬರೀ ಮಣಿಕಟ್ಟು. ಒಂದು ಕ್ಷಣದ ಎಳೆತ, ಬುಟ್ಟಿ. ಇನ್ನೊಂದು ಎಳೆತ, ಬುಟ್ಟಿ. ಸಿಗಡಿಗಳು ಗಾಳಿಯಲ್ಲಿ ಸೇತುವೆ ಕಟ್ಟಿದ ಹಾಗೆ ನಿಂತವು. ಶೆಡ್ಡಿನ ಛಾವಣಿ ಒಂದು ಗೇಣು ಮೇಲೆದ್ದು, ನೋಡಿ, ಮತ್ತೆ ಕೂತಿತು. ಜೊತೆಗೆ ಅವಳ ಬಾಯಿಯೂ ಓಡುತ್ತಿತ್ತು. ಐಸು ಒಡೆಯುವವನ ಮದುವೆಯಿಂದ ಹಿಡಿದು ಲಾರಿಯವನ ಎರಡನೇ ಸಂಸಾರದವರೆಗೆ ಹರಾಜು ಹಾಕಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಆಮೇಲೆ ನಗು ಕಡಿಮೆಯಾಯಿತು. ಆಮೇಲೆ ಒಬ್ಬರೂ ನಗಲಿಲ್ಲ. ಹನ್ನೊಂದು ಮೇಜಿನ ಕೈಗಳು ನಿಂತವು.

ಅವಳು ಅದನ್ನು ಮೆಚ್ಚುಗೆ ಎಂದುಕೊಂಡಳು. ಇನ್ನೂ ಜೋರಾಗಿ ಎಸೆದಳು, ಇನ್ನೂ ಜೋರಾಗಿ ಮಾತಾಡಿದಳು. ಎಷ್ಟೋ ಹೊತ್ತಿನ ಮೇಲೆ, ಬುಟ್ಟಿ ತುಂಬಿತೇ ಎಂದು ನೋಡಲು ಕತ್ತು ತಿರುಗಿಸಿದರೆ, ಬಿಳಿ ಐಸಿನ ಮೇಲೆ ಕೆಂಪು ಹರಡಿತ್ತು.

"ಯಾರ್ರೇ ಅದು ಕೈ ಕುಯ್ಕೊಂಡಿದ್ದು?" ಅವಳು ಗದರಿದಳು. "ನನ್ನ ಮೇಜಿನ ಮೇಲೆಲ್ಲ ರಕ್ತ ಮಾಡಿದೀರಲ್ಲ. ತೊಳ್ಕೊಂಡು ಬನ್ನಿ ಹೋಗಿ."

ಯಾರೂ ಅಲ್ಲಾಡಲಿಲ್ಲ. ಎಲ್ಲರ ಕಣ್ಣು ಹೋದಲ್ಲಿಗೆ ಅವಳ ಕಣ್ಣೂ ಹೋಯಿತು. ಅವಳ ಬಲ ಅಂಗೈಗೆ ಮೊಳದುದ್ದದ ಮೀಸೆಮೀನೊಂದು ನೇತಾಡುತ್ತಿತ್ತು. ಅದರ ಭಾರವನ್ನು ಮಣಿಕಟ್ಟು ಐಸಿನ ಭಾರವೆಂದು ಲೆಕ್ಕದಿಂದ ಕಳೆದುಬಿಟ್ಟಿತ್ತು. ಮೀಸೆಮೀನಿನ ಬೆನ್ನಿನಲ್ಲೊಂದು, ಪಕ್ಕದಲ್ಲಿ ಎರಡು, ಗರಗಸದಂಥ ವಿಷದ ಮುಳ್ಳುಗಳಿರುತ್ತವೆ. ಚುಚ್ಚಿದರೆ ಆರಡಿ ಎತ್ತರದ ಧಡೂತಿ ಗಂಡಸು ತೊಟ್ಟಿಲ ಮಗುವಾಗಿ ಅಮ್ಮನನ್ನು ಕರೆಯುತ್ತಾನೆ. ಆ ಬೆನ್ನಿನ ಮುಳ್ಳು ಮಿಂಚಿನ ಅಂಗೈಯಲ್ಲಿ ಹೊಕ್ಕು ಹಿಂಗೈಯಲ್ಲಿ ತುದಿ ತೋರಿಸುತ್ತಿತ್ತು. ಮೀನಿಗೆ ಇನ್ನೂ ಜೀವವಿತ್ತು. ಅದು ಬಾಲ ಬಡಿದಾಗಲೆಲ್ಲ ಅವಳ ಕೈಯೂ ಅಲ್ಲಾಡುತ್ತಿತ್ತು, ಯಾರಿಗೋ ಹೋಗಿ ಬಾ ಎನ್ನುವ ಹಾಗೆ.

ಮೊದಲು ನಕ್ಕವಳು ಹನ್ನೆರಡನೇ ಮೇಜಿನವಳು. ಆಮೇಲೆ ಎಲ್ಲರೂ. ಆ ನಗು ಬಂದರಿನ ಆಚೆ ದಡಕ್ಕೆ ಹೋಗಿ, ಅಲ್ಲಿನವರಿಗೆ ಕಾರಣ ತಿಳಿಯದೆ, ಅವರೂ ನಕ್ಕರಂತೆ. ನಾದಿನಿ ಮಾತ್ರ ನಗದೆ, ಮೀನನ್ನು ಹಿಡಿದು ಕಿತ್ತು, ಚರಂಡಿಗೆ ಎಸೆದಳು. ಅದು ರಾಶಿಯೊಳಗೆ ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಸಿಗಡಿಯ ಜೊತೆ ಬಲೆಯಲ್ಲಿ ಬಂದಿರಬಹುದು, ಸಮುದ್ರಕ್ಕೆ ಬಾಗಿಲಿಲ್ಲವಲ್ಲ.

ಮೇಸ್ತ್ರಿ ಬಂದ. ಒಳ್ಳೆಯ ಮನುಷ್ಯ, ಅಂದರೆ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದವನು. ನಾದಿನಿ ಮೂರೇ ಮಾತಲ್ಲಿ ಎಲ್ಲವನ್ನೂ ಹೇಳಿದಳು. ಅವನು ಮಿಂಚಿನ ನಾಲ್ಕು ಬುಟ್ಟಿಗಳನ್ನೂ ನೆಲಕ್ಕೆ ಬೋರಲು ಹಾಕಿಸಿ ನೋಡಿದ. ಒಂದೂ ತಪ್ಪಿರಲಿಲ್ಲ. ಮಿಂಚಿನ ಎದೆಯಲ್ಲಿ ದೀಪ ಹತ್ತಿತು. ಕ್ರಮದ ಪ್ರಕಾರ ತನ್ನನ್ನು ತೆಗೆಯುವಂತಿಲ್ಲ, ಮೂರು ಬೇಡ, ಒಂದು ತೋರಿಸಲಿ ಎಂದಳು.

"ಸಿಗಡಿ ಸರೀನೇ ಇದೆ ಕಣಮ್ಮ," ಮೇಸ್ತ್ರಿ ಅವಳ ಕೈಯನ್ನು ಎತ್ತಿ ಆ ಕಡೆ ಈ ಕಡೆ ತಿರುಗಿಸಿ ನೋಡುತ್ತ ಹೇಳಿದ. "ಆದ್ರೆ ಇಂಥ ಕೈನ ಸಿಗಡಿಗೆ ಹಾಕಿ ಹಾಳು ಮಾಡೋದಾ? ಆ ತೊಟ್ಟಿಗೆ ಜನಾನೇ ಸಿಗ್ತಿಲ್ಲ."

ಶೆಡ್ಡಿನ ಹಿಂದೆ ಮೀಸೆಮೀನಿನ ತೊಟ್ಟಿಯಿತ್ತು. ಅಲ್ಲಿ ಒಂದೊಂದು ಮೀನನ್ನೂ ಹಿಡಿದು ಮೂರು ಮುಳ್ಳು ಮುರಿಯಬೇಕು. ಎಂಥ ಕೈಗವಸನ್ನೂ ಆ ಮುಳ್ಳು ತೂರುತ್ತದೆ. ಈ ವರ್ಷ ಏಳು ಹೆಂಗಸರು ಅಲ್ಲಿಂದ ಕಿರುಚಿಕೊಂಡು ಓಡಿದ್ದರು. ಅವರಲ್ಲೊಬ್ಬಳು ಇನ್ನೂ ಓಡುತ್ತಿದ್ದಾಳೆಂದು ಸುದ್ದಿ. ಮೇಸ್ತ್ರಿ ಸ್ಪಷ್ಟವಾಗಿ ಹೇಳಿದ: ನಾಳೆಯಿಂದ ತೊಟ್ಟಿ ನಿನ್ನದು, ನೋವು ಗೊತ್ತಾಗಲ್ಲ ಅನ್ನುವುದಕ್ಕೇ ನಿನಗೆ ಕೊಡುತ್ತಿರುವುದು, ಅವರ ಹಾಗೆ ಅರಚಿದ ದಿನ ಮನೆಗೆ. ಮೊದಲ ಮೇಜಿಗೆ ಯಾರೆಂದು ಕೇಳಿದ. ನಾದಿನಿ ಆಗಲೇ ಕೈಗವಸು ಬಿಚ್ಚಿ ಸೊಂಟಕ್ಕೆ ಸಿಗಿಸಿಕೊಂಡಿದ್ದಳು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಕಾಲು ಚಾಚಿ ಕೂತಿತ್ತು. ಅತ್ತೆ ಹಿತ್ತಲ ಕೋಣೆಯ ಬಾಗಿಲಿಗೆ ಬಂದು, ಗೋಡೆ ಹಿಡಿದು ನಿಂತು, ಸೊಸೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಒಂಬತ್ತು ವರ್ಷದಲ್ಲಿ ಅಷ್ಟು ಗೆಲುವಾಗಿ ಅವಳನ್ನು ಯಾರೂ ಕಂಡಿರಲಿಲ್ಲ.

"ಆ ತೊಟ್ಟಿನೂ ಬಿಟ್ಟು ಬಂದ್ರೆ ಈ ಮೂಲೆ ನಿಂಗೆ ಅಂತ ತಿಳೀಬೇಡ," ಎಂದಳು. "ಇದು ನಂದು. ನಿಂಗೆ ಹೊರಗೆ ನೋಡ್ಕೋಬೇಕು, ಕೋಳಿಗೂಡಿನ ಹತ್ರ."

ಮಿಂಚು ನಗಾಡಿದಳು. ಅಂಥ ತೊಟ್ಟಿಯನ್ನು ನಿಭಾಯಿಸಲು ಲೋಕದಲ್ಲಿ ತಾನೊಬ್ಬಳೇ ಎಂದು ಮೇಸ್ತ್ರಿ ಕಾಲಿಗೆ ಬಿದ್ದನೆಂದಳು. ಆದರೆ ಮಾತು ಮುಗಿಯುವ ಮುಂಚೆ ಏನೋ ಆಯಿತು. ಮಣಿಕಟ್ಟಿನವರೆಗೆ ಸದ್ದಿಲ್ಲದೆ ಏರಿದ ವಿಷ, ಜೀವವಿದ್ದ ಜಾಗಕ್ಕೆ ಕಾಲಿಟ್ಟಿತು. ಮೊದಲು ಒಂದು ಬಿಸಿ ದಾರ. ಆಮೇಲೆ ಕಾದ ಕಂಬಿ. ಸೂರ್ಯ ಇಳಿಯುವ ಹೊತ್ತಿಗೆ ಮೊಣಕೈಯಲ್ಲಿ ಯಾರೋ ಎಲುಬನ್ನು ಒಂದೊಂದೇ ಚೂರಾಗಿ ಕಿತ್ತು ತೊಳೆದು ಮತ್ತೆ ಜೋಡಿಸುತ್ತಿದ್ದ ಹಾಗಿತ್ತು. ತೋಳು ಬಾತು ಬಾತು ಮನೆಯ ಕಂಬವೇ ತಮ್ಮಾ ಎಂದು ಕರೆಯುವಷ್ಟಾಯಿತು. ಅವಳು ಬಚ್ಚಲಿಗೆ ಹೋಗಿ, ಬಿಸಿನೀರಿನ ಹಂಡೆಗೆ ತೋಳಿಳಿಸಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಳು.

ನಾದಿನಿ ದೀಪ ಹಿಡಿದು ಬಂದಳು. ಹಂಡೆಯಿಂದ ತೋಳನ್ನು ಎತ್ತಿ, ಮೊಣಕೈಯ ಕೆಳಗೆ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದಳು. ಮಿಂಚು ಸೆರಗಿನೊಳಗೇ ಚೀರಿದಳು.

"ಇಲ್ಲಿ ಗೊತ್ತಾಗುತ್ತಾ ಅತ್ತಿಗೆ?"

ಮಿಂಚು ಹೌದೆಂದು ತಲೆಯಾಡಿಸಿದಳು. ಮೇಸ್ತ್ರಿಗೆ ಹೇಳಬೇಡವೆಂದು ಕಣ್ಣಿನಲ್ಲೇ ಬೇಡಿದಳು. ನಾದಿನಿ ಇನ್ನೊಂದು ತಂಬಿಗೆ ಬಿಸಿನೀರು ಸುರಿದು, ನಾನು ಹೇಳುವವಳೇ ಅಲ್ಲ ಎಂದು ಸಮಾಧಾನ ಮಾಡಿ ಹೋದಳು.

ಬೆಳಗ್ಗೆ ಮಿಂಚು ತೊಟ್ಟಿಯ ಮುಂದೆ ನಿಂತಳು. ಉದ್ದ ತೋಳಿನ ರವಿಕೆಯೊಳಗೆ ಬಾವನ್ನು ಹೇಗೋ ತುರುಕಿದ್ದಳು. ಬೆರಳಿಗೆ ಏನು ಚುಚ್ಚಿದರೂ ಪರವಾಗಿಲ್ಲ. ಆದರೆ ಕೈ ಎತ್ತಿ ಇಳಿಸಿದಾಗಲೆಲ್ಲ ಮೊಣಕೈ, ತೋಳು, ಹೆಗಲು ಒಟ್ಟಿಗೆ ಬೊಬ್ಬೆ ಹಾಕುತ್ತಿದ್ದವು. ಅವಳು ಬೊಬ್ಬೆ ಕೇಳಿಸದ ಹಾಗೆ ಅದಕ್ಕಿಂತ ದೊಡ್ಡ ದನಿಯಲ್ಲಿ ಕತೆ ಹೇಳುತ್ತ ಮುಳ್ಳು ಮುರಿದಳು. ಕಣ್ಣಿನಿಂದ ನೀರು ಸುರಿದರೆ ತೊಟ್ಟಿಯ ನೀರು ಹಾರಿತು ಎಂದಳು. ಒಂದು ಗಂಟೆಯಲ್ಲಿ ಇನ್ನೂರು ಮೀನು ಮುಗಿಸಿದಳು. ಇಲ್ಲಿ ಉತ್ಪ್ರೇಕ್ಷೆ ಇಲ್ಲ, ಮೇಸ್ತ್ರಿ ಎಣಿಸಿದ್ದಾನೆ.

ಎಣಿಸಿದವನಿಗೆ ಖುಷಿ ತಡೆಯಲಾಗಲಿಲ್ಲ. ಶೆಡ್ಡಿನ ಮಾಲೀಕನನ್ನೂ ಅವನ ಜೊತೆ ಬಂದಿದ್ದ ಇಬ್ಬರು ಖರೀದಿದಾರರನ್ನೂ ಕರೆದುಕೊಂಡು ಬಂದ. ಮೊದಲ ಮೇಜಿನ ನಾದಿನಿಯೂ ಹಿಂದೆಯೇ ಬಂದಳು, ಅವಳ ಬರಿಗೈ ಐಸಿಗೆ ಕೆಂಪಗಾಗಿತ್ತು. ಮೇಸ್ತ್ರಿ ಒಂದು ಮುರಿದ ಮುಳ್ಳು ತೆಗೆದು ಮಿಂಚಿನ ಬೆರಳಿಗೆ ಚುಚ್ಚಿ ತೋರಿಸಿದ. ಮಿಂಚು ಲಾರಿಯವನ ಎರಡನೇ ಸಂಸಾರದ ಕತೆಯನ್ನು ಒಂದಕ್ಷರ ಎಡವದೆ ಮುಂದುವರಿಸಿದಳು. ಮಾಲೀಕ ನಕ್ಕ. ಖರೀದಿದಾರರಲ್ಲಿ ಒಬ್ಬನಿಗೆ ನಂಬಿಕೆ ಬರಲಿಲ್ಲ. ಬೆರಳಲ್ಲೇ ಏನು ಮಹಾ, ಬೆರಳಿಗೆ ದಡ್ಡು ಕಟ್ಟಿರುತ್ತದೆ, ಎಲ್ಲಿಯತನಕ ಹೀಗೆ ಎಂದು ಕೇಳಿದ.

"ಭುಜದ ತನಕ ಸರ್," ಎಂದಳು ನಾದಿನಿ. "ನಮ್ಮ ಅತ್ತಿಗೆಗೆ ಏನೂ ಗೊತ್ತಾಗಲ್ಲ. ಅಲ್ವಾ ಅತ್ತಿಗೆ?"

ಮಿಂಚು ನಾದಿನಿಯ ಮುಖ ನೋಡಿದಳು. ಆ ಮುಖದಲ್ಲಿ ಕೋಪವಿರಲಿಲ್ಲ, ಒಂಬತ್ತು ವರ್ಷದ ಮೇಲೆ ಊಟಕ್ಕೆ ಕೂತವಳ ನೆಮ್ಮದಿಯಿತ್ತು. ಗೊತ್ತಾಗುತ್ತದೆ ಎಂದರೆ ಕೋಳಿಗೂಡಿನ ಪಕ್ಕ.

"ಏನೂ ಇಲ್ಲ," ಎಂದಳು ಮಿಂಚು.

ನಾದಿನಿ ರವಿಕೆಯ ತೋಳನ್ನು ಅಚ್ಚುಕಟ್ಟಾಗಿ ಮೇಲೆ ಮಡಚಿದಳು. ಮೇಸ್ತ್ರಿಯ ಕೈಯಿಂದ ಮುಳ್ಳು ತೆಗೆದುಕೊಂಡು, ಮೊಣಕೈಯ ಕೆಳಗೆ, ಬಾವು ಎಲ್ಲಕ್ಕಿಂತ ಎತ್ತರವಾಗಿ ಹೊಳೆಯುತ್ತಿದ್ದಲ್ಲಿ, ತುದಿಯಿಟ್ಟು ನಿಧಾನವಾಗಿ ಒಳಗೆ ಒತ್ತಿದಳು. ಮಿಂಚು ಲಾರಿಯವನನ್ನು ಮೊದಲ ಹೆಂಡತಿಯ ಮನೆಯ ಹಿಂಬಾಗಿಲಿನಿಂದ ಹೊರಗೆ ಹಾರಿಸಿ, ಎರಡನೆಯವಳ ಮನೆಯ ಮುಂಬಾಗಿಲಿಗೆ ತಂದು ನಿಲ್ಲಿಸಿದಳು. ದನಿ ಒಂದಿಷ್ಟು ಏರಿತು, ಅಷ್ಟೇ. ಮುಳ್ಳು ಅರ್ಧ ಹೋಯಿತು. ಬಾಗಿಲು ತೆಗೆದದ್ದು ಯಾರು ಗೊತ್ತಾ ಎಂದು ಅವಳು ಖರೀದಿದಾರನನ್ನೇ ಕೇಳಿದಳು, ಅವನು ಯಾರು ಎಂದ, ಮೊದಲನೆಯವಳೇ ಎಂದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮುಳ್ಳು ಪೂರ್ತಿ ಹೋಯಿತು.

ನಂಬದಿದ್ದವನು ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ತೋಳೂ ಹೀಗೇನಾ ಎಂದು ಕೇಳಿದ.

ಮಿಂಚು ಎಡ ರವಿಕೆಯ ತೋಳನ್ನು ತಾನೇ ಹಲ್ಲಿನಿಂದ ಕಚ್ಚಿ ಮೇಲೆಳೆದುಕೊಂಡು, ಮುಂದೆ ಚಾಚಿದಳು.